ನಮ್ಮತ್ತೆ ಹಾಡಿದರೆ ಗೋಡೆ ಸಾಲದು

ನಮ್ಮ ಸೋದರತ್ತೆ ಹಾಡಲು ಕೂತರೆ ಗೋಡೆಗಳು ಸಾಲುವುದಿಲ್ಲ. 'ಕಿವಿಗಳು' ಎಂದು ಬರೆಯಬೇಕಾದಲ್ಲಿ ನನ್ನ ಕೈ ತಪ್ಪಿದೆ ಎಂದುಕೊಳ್ಳಬೇಡಿ. ಗೋಡೆಗಳೇ. ಉಡಿಗಾಲದ ನಮ್ಮ ಬೀದಿಗೆ ಬನ್ನಿ, ತೋರಿಸುತ್ತೇನೆ. ಅತ್ತೆಯ ಮನೆಯ ಗೋಡೆಯಲ್ಲಿ ಶುರುವಾದ ಹಾಡು ಪಕ್ಕದ ಮನೆಗೆ ದಾಟಿ, ಒಂದು ಕೊಟ್ಟಿಗೆಯನ್ನು ಬಳಸಿ, ಹಾಲಿನ ಡೈರಿಯ ಬಳಿ ರಸ್ತೆ ದಾಟಿ, ಎದುರು ಸಾಲಿನಲ್ಲಿ ಹಿಂದಿರುಗಿ ಬಂದು ಅತ್ತೆಯ ಬಾಗಿಲಿಗೆ ಸರಿಯಾಗಿ ಎದುರಿನ ಮನೆಯಲ್ಲಿ ನಿಂತಿದೆ. ಬೀದಿ ಇನ್ನೂ ಉದ್ದವಿದ್ದಿದ್ದರೆ ಹಾಡೂ ಉದ್ದವಾಗುತ್ತಿತ್ತೇನೋ. ಯಾರಿಗೆ ಗೊತ್ತು?

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ಚಾಮರಾಜನಗರದ ಒಂದು ಕಚೇರಿಯಲ್ಲಿ ಗುಮಾಸ್ತ. ಮುಖ್ಯ ಉದ್ಯೋಗ ಹೆದರುವುದು. ಬಿಡುವು ಸಿಕ್ಕಾಗ ಗುಮಾಸ್ತಿಕೆ ಮಾಡುತ್ತೇನೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬರುವವನು. ಇಂಥವನಿಗೆ ಅಂಥ ಅತ್ತೆ. ಆಕೆ ಹುಟ್ಟಿದ ಊರಿಗೇ ಸೊಸೆಯಾಗಿದ್ದರಿಂದ, ಯಾವ ಮನೆಯಲ್ಲೂ ತಲೆ ತಗ್ಗಿಸಬೇಕಾದ ಪ್ರಸಂಗ ಆಕೆಗೆ ಬರಲೇ ಇಲ್ಲ.

ಆಕೆಯದು ಒಂದೇ ಹಾಡು. ಮದುವೆಯ ಹಾಡು, ಬಲು ಉದ್ದದ್ದು. ಅಕ್ಕಿ ಕೇರುವುದರಿಂದ ಹಿಡಿದು ಚಪ್ಪರ, ಬಳೆ, ಅರಿಸಿನ ಎಲ್ಲವನ್ನೂ ಮುಗಿಸಿ, ಮದುಮಗಳು ಧಾರೆ ಸೀರೆಯುಟ್ಟು ಗಂಡನ ಮನೆಯ ಹೊಸಿಲು ದಾಟುವವರೆಗೆ. ನಿಯಮವೂ ಒಂದೇ: ಎತ್ತಿದ ಹಾಡನ್ನು ನಡುವೆ ಬಿಡುವಂತಿಲ್ಲ. ಬಿಟ್ಟರೆ ಹಾಡಿನೊಳಗಿನ ಹೆಣ್ಣು ಹೊಸಿಲಾಚೆಯೇ ನಿಂತುಬಿಡುತ್ತಾಳಂತೆ. ಅವಳನ್ನು ಮನೆ ತುಂಬಿಸದೆ ಇನ್ನೊಂದು ಮದುವೆಯಲ್ಲಿ ಬಾಯಿ ತೆರೆಯುವ ಹಾಗಿಲ್ಲ.

ನನ್ನ ಮದುವೆಯಲ್ಲಿ ಆದದ್ದು ಕೇಳಿ. ಮುಹೂರ್ತ ಬಂದಿದೆ. ಪುರೋಹಿತರು ಕೈಗಡಿಯಾರ ನೋಡುತ್ತಿದ್ದಾರೆ. ನಾನು ತಾಳಿ ಹಿಡಿದು ಬೆವರುತ್ತಿದ್ದೇನೆ. ಹೆಂಗಸರ ಸಾಲಿನಿಂದ ಅತ್ತೆಯ ದನಿ ಬಂತು:

"ವಸಿ ತಡ್ಕಳಿ ಐನೋರೆ. ನನ್ ಮದ್ಲಿಂಗಿತ್ತಿ ಇನ್ನೂ ಬಳೆ ತೊಟ್ಕತಾವ್ಳೆ. ಅವ್ಳು ಈಚ್ಗೇ ಬಂದಿಲ್ಲ, ನೀವು ತಾಳಿ ಯಾರ್ಗೆ ಕಟ್ಟುಸ್ತೀರಿ?"

"ಹೆಣ್ಣು ಇಲ್ಲೇ ಕೂತಿದ್ದಾಳಲ್ಲಮ್ಮ."

"ಇವ್ಳೆಲ್ಲಿ ಹೋದಾಳು, ಕೂತಿರ್ತಾಳೆ ಬುಡಿ."

ಹಾಡಿನ ಹೆಣ್ಣು ಬಳೆ ತೊಟ್ಟು ಈಚೆ ಬಂದ ಮೇಲೆಯೇ ನನಗೆ ಮದುವೆಯಾದದ್ದು. ಇಂದಿಗೂ ನನ್ನ ಹೆಂಡತಿ ನನ್ನಲ್ಲಿ ಏನು ಕುಂದು ಕಂಡರೂ, "ಮುಹೂರ್ತ ಮೀರಿತ್ತಲ್ಲ, ಇನ್ನೇನಾಗುತ್ತೆ" ಎಂದು ಮುಂದೆ ಹೋಗುತ್ತಾಳೆ.

ಅತ್ತೆ ಎತ್ತಿಕೊಟ್ಟ ಸಾಲನ್ನು ಹಿಡಿದು ಮತ್ತೆ ಹಾಡುವವರು ಕುದೇರಮ್ಮ. ಕುದೇರಿನಿಂದ ಎದುರು ಮನೆಗೆ ಸೊಸೆಯಾಗಿ ಬಂದವರಾದ್ದರಿಂದ ಊರೆಲ್ಲ ಹಾಗೇ ಕರೆಯುತ್ತದೆ. ಇಬ್ಬರೂ ಪ್ರಾಯದಿಂದ ಜೊತೆಗೇ ಹಾಡಿದ್ದಾರೆ, ಜೊತೆಗೇ ಹಲ್ಲು ಕಳೆದುಕೊಂಡಿದ್ದಾರೆ. "ನೀನು ಎತ್ಕೊಡೋ ರೀತಿಗೆ ಎಮ್ಮೇನೂ ಹಿಡಿಯಕ್ಕಿಲ್ಲ" ಎಂದು ಕುದೇರಮ್ಮ. "ಅದ್ಕೇ ಅಲ್ವಾ ನಿನ್ನ ಇಟ್ಕಂಡಿರದು" ಎಂದು ಅತ್ತೆ. ಒಬ್ಬರ ಮನೆಯ ಸಾರು ಇನ್ನೊಬ್ಬರ ಮನೆಗೆ ಹೋಗದ ದಿನವಿಲ್ಲ.

ಇನ್ನು ಗೋಡೆಯ ವಿಷಯ. ಒಂದು ದಿನ ಅತ್ತೆಗೆ ಕನ್ನಡಕ ಮಾಡಿಸಲು ಚಾಮರಾಜನಗರಕ್ಕೆ ಕರೆತಂದಿದ್ದೆ. ನಮ್ಮ ಜಿಲ್ಲೆಯಲ್ಲಿ ಈಗ ಗೋಡೆಗಳಿಗೆಲ್ಲ ಚಿತ್ರ ಬರೆಸುತ್ತಾರೆ, ತಮಗೆ ಗೊತ್ತಿರಬಹುದು. ಚಿತ್ರವೆಂದರೆ ಹುಲಿ. ಬಂಡೀಪುರದಲ್ಲಿ ಹಣ ಕೊಟ್ಟು ಜೀಪು ಹತ್ತಿದವರಿಗೂ ಕಾಣದ ಹುಲಿ ಇಲ್ಲಿ ಪ್ರತಿ ಕಾಂಪೌಂಡಿನಲ್ಲೂ ಪುಕ್ಕಟೆಯಾಗಿ ಹಲ್ಲು ಕಿರಿಯುತ್ತಿರುತ್ತದೆ. ಅತ್ತೆ ಹೊಸ ಕನ್ನಡಕದಲ್ಲಿ ಮೊದಲು ನೋಡಿದ್ದು ಅದನ್ನೇ. ಏಣಿಯ ಮೇಲೆ ನಿಂತು ಬರೆಯುತ್ತಿದ್ದ ಪೇಂಟರನನ್ನು ಕೂಗಿ ಕೇಳಿದರು:

"ಏನ್ಲಾ ಬರೀತಿರದು?"

"ಹುಲಿ ಕಣವ್ವ."

"ಅದು ಕಾಣ್ತದೆ. ಆ ಗೋಡೇಲೂ ಉಲಿ, ಈ ಗೋಡೇಲೂ ಉಲಿ. ಮನ್ಸರೆಲ್ಲ ಎಲ್ಲೋದ್ರು, ತಿನ್ಕಬುಡ್ತಾ?"

ಆತ ಬ್ರಷ್ ಕೆಳಗಿಟ್ಟು ನಕ್ಕ. "ಹುಲಿ ಬರುದ್ರೆ ಸೇಫು ಕಣವ್ವ. ನನ್ನ ಮೂಗು ಹಿಂಗಿಲ್ಲ ಅಂತ ಹುಲಿ ಬಂದು ಕೇಳಲ್ಲ. ಮನ್ಸರನ್ನ ಬರುದ್ರೆ ಜಗಳ."

"ನಮ್ಮೂರ್ಗೆ ಬಾ. ನಾನು ಹಾಡ್ತೀನಿ, ಕೇಳ್ಕಂಡು ಬರಿ. ಯಾರು ಜಗಳಕ್ಕೆ ಬತ್ತಾರೋ ನೋಡನ."

ಯಾರು ಜಗಳಕ್ಕೆ ಬಂದರು ಎಂಬುದು ಮುಂದೆ ಗೊತ್ತಾಗುತ್ತದೆ.

ಆತ ಗುಂಡ್ಲುಪೇಟೆಯವನು. ಹೆದ್ದಾರಿ ಬದಿಯಲ್ಲಿ ಈರುಳ್ಳಿ ಲಾರಿಗಳ ಮೇಲೆ ನವಿಲು, ಕಮಲ ಬರೆದು ಕೈ ಪಳಗಿಸಿಕೊಂಡು ಗೋಡೆಗೆ ಬಂದವನು. ಮಾತಿಗೆ ಹೇಳಿದ್ದನ್ನು ನಂಬಿಕೊಂಡು ಒಂದು ಬೆಳಿಗ್ಗೆ ಡಬ್ಬಗಳ ಸಮೇತ ಬಂದೇಬಿಟ್ಟ. ಅತ್ತೆ ಜಗಲಿಯ ಮೇಲೆ ಕೂತು ಎತ್ತಿಕೊಟ್ಟರು, ಕುದೇರಮ್ಮ ಹಿಡಿದರು, ಆತ ಕೇಳಿಕೊಂಡು ಬರೆದ. ಅತ್ತೆ ಹಾಡುತ್ತ ಹಾಡುತ್ತಲೇ ತಿದ್ದುತ್ತಿದ್ದರು. "ಅಕ್ಕಿ ಕೇರೋಳು ಮೊರ ಹಿಡ್ದಿರದು ನೋಡ್ಲಾ, ಸ್ಟೇರಿಂಗ್ ಹಿಡ್ದಂಗದೆ." ನಿಜವಾಗಿಯೂ ಹಾಗೇ ಇತ್ತು. ದಿಬ್ಬಣದ ಎತ್ತಿನಗಾಡಿಯ ಹಿಂಭಾಗಕ್ಕೆ ಬರುವಷ್ಟರಲ್ಲಿ ಆತನ ಕೈ ಹಳೆಯ ಅಭ್ಯಾಸದಂತೆ 'ಸೌಂಡ್ ಹಾರನ್' ಎಂದು ಬರೆದುಬಿಟ್ಟಿತ್ತು. ಆತ ನಾಲಗೆ ಕಚ್ಚಿಕೊಂಡು ಅಳಿಸಲು ಹೋದರೆ ಅತ್ತೆ, "ಇರ್ಲಿ ಬುಡು, ಹಿಂದ್ಗಡೆ ಎತ್ಗೂ ತಿಳೀಲಿ" ಎಂದರು. ಇಂದಿಗೂ ಇದೆ.

ಬಳೆ ತೊಡಿಸುವ ಹೊತ್ತಿಗೆ ಅತ್ತೆಯ ಗೋಡೆ ಮುಗಿದಿತ್ತು. ಹಾಡನ್ನು ಮೊಟಕು ಮಾಡಬಹುದಲ್ಲ ಎಂದು ನಾನು ಹೇಳಿ ನೋಡಿದೆ. "ನಿನ್ ಆಫೀಸ್ ಫೈಲ್ ಅನ್ಕಂಡಿದ್ದೀಯೇನ್ಲಾ?" ಎಂದರು. ಹೀಗಾಗಿ ಮನೆಮನೆಗೆ ಹೋಗಿ ಗೋಡೆ ಕೇಳುವ ಕೆಲಸ ನನ್ನ ಪಾಲಿಗೆ ಬಂತು. ಜನ ಅಷ್ಟು ಸಲೀಸಾಗಿ ಗೋಡೆ ಕೊಡುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಬೆರಣಿ ತಟ್ಟುತ್ತಿದ್ದ ಗೋಡೆಯನ್ನು ಉಜ್ಜಿ ತೊಳೆದು ಕೊಟ್ಟರು. ನಾನೊಬ್ಬನೇ ಹೆದರುತ್ತಿದ್ದೆ: ಎಮ್ಮೆ ಮೈ ಉಜ್ಜಿದರೆ? ಪಂಚಾಯಿತಿಯವರು ಕೇಳಿದರೆ? ಮಳೆ ಬಂದರೆ?

"ಮಳೆಗೆ ಹೆದ್ರುಬೇಡಿ ಸಾ" ಎಂದ ಪೇಂಟರ್. "ಇದು ಲಾರಿ ಬಣ್ಣ. ದಿನಾ ಕೇರಳಕ್ಕೆ ಹೋಗಿ ನೆನ್ಕಂಡು ಬಂದ್ರೂ ಬುಡಲ್ಲ."

ಆಮೇಲೆ ನಡೆದದ್ದನ್ನು ಹೇಳುವಾಗ ನನ್ನ ಎದೆ ಸ್ವಲ್ಪ ಮುಂದೆ ಬರುತ್ತದೆ, ಕ್ಷಮಿಸಿ. ಬೀದಿ ನೋಡಲು ಜನ ಬರತೊಡಗಿದರು. ತರಕಾರಿ ತುಂಬಿಕೊಂಡು ಹೋಗುವ ಡ್ರೈವರುಗಳು ದಾರಿ ಬಿಟ್ಟು ಬಂದು ಫೋಟೊ ಹಿಡಿದರು. ಗುಂಡ್ಲುಪೇಟೆ ಕಡೆಯ ಹಾಡುವ ಹೆಂಗಸರು ಟೆಂಪೊ ಮಾಡಿಕೊಂಡು ಬಂದು, ಬೀದಿಯ ಈ ತುದಿಯಿಂದ ಆ ತುದಿಗೆ ಹಾಡನ್ನು ಓದುತ್ತ ನಡೆದರು. ಒಬ್ಬರಿಗೂ ಅಕ್ಷರ ಬಾರದು, ಒಂದು ಸಾಲೂ ತಪ್ಪಲಿಲ್ಲ. "ನಮ್ಮ ಹಾಡ್ನೂ ಬರಿಯಪ್ಪ" ಎಂದು ಪೇಂಟರನಿಗೆ ಗಂಟುಬಿದ್ದರು. ಅವರ ಊರಿನ ತರಕಾರಿ ಮಂಡಿಯ ಉದ್ದನೆಯ ಗೋಡೆಯೂ ಅದಕ್ಕೆ ನಿಗದಿಯಾಯಿತು. ಚಾಮರಾಜನಗರದ ನನ್ನ ಕಚೇರಿಯ ಹತ್ತಿರ ಹುಲಿಯ ಪಕ್ಕದಲ್ಲಿ ಈಗ ತಂಬೂರಿ ಹಿಡಿದ ಹಾಡುಗಾರರೊಬ್ಬರು ಬಂದು ಕೂತಿದ್ದಾರೆ. ಹುಲಿಯೇ ಸ್ವಲ್ಪ ಸರಿದು ಜಾಗ ಕೊಟ್ಟಂತಿದೆ. ಯಾರಾದರೂ ಆ ಗೋಡೆ ನೋಡುತ್ತ ನಿಂತರೆ ಸಾಕು, ನಾನು ಸುಮ್ಮನೆ ಹತ್ತಿರ ಹೋಗಿ ಕೆಮ್ಮುತ್ತೇನೆ. ಅವರು ತಿರುಗಿದರೆ, "ಇದಕ್ಕೆಲ್ಲ ಮೂಲ ನಮ್ಮ ಸೋದರತ್ತೆ" ಎನ್ನುತ್ತೇನೆ. ತಿರುಗದಿದ್ದರೆ ಇನ್ನೊಮ್ಮೆ ಕೆಮ್ಮುತ್ತೇನೆ.

ಹೀಗೆ ಮೆರೆಯುತ್ತಿರುವಾಗಲೇ ಹಾಡು ಕೊನೆಯ ಗೋಡೆಗೆ, ಅಂದರೆ ಕುದೇರಮ್ಮನ ಮನೆಗೆ ಬಂತು. ಅಲ್ಲಿಯವರೆಗೆ ಲಂಗದಲ್ಲಿದ್ದ ಮದುಮಗಳು ಇನ್ನು ಧಾರೆ ಸೀರೆ ಉಡಬೇಕು. ಪೇಂಟರ್ ಅವಳ ಆಕಾರ ಗೀಚಿಕೊಂಡು, ಬ್ರಷ್ ಒರೆಸಿಕೊಳ್ಳುತ್ತ ಕೇಳಿದ, "ಸೀರೆ ಯಾವ ಬಣ್ಣ?"

"ಹಸ್ರು" ಎಂದರು ಅತ್ತೆ.

"ಕೆಂಪು" ಎಂದರು ಕುದೇರಮ್ಮ.

ಒಂದೇ ಉಸಿರಿನಲ್ಲಿ. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಅಷ್ಟು ಕಾಲದಿಂದ ಅತ್ತೆ ಹಸಿರು ಸೀರೆ ಎಂದು ಎತ್ತಿಕೊಡುವುದು, ಕುದೇರಮ್ಮ ಕೆಂಪು ಸೀರೆ ಎಂದು ಹಿಡಿಯುವುದು ನಡೆದೇ ಇತ್ತು. ವಾಲಗದ ಸದ್ದಿನಲ್ಲಿ, ಮಕ್ಕಳ ಅಳುವಿನಲ್ಲಿ ಯಾರು ಗಮನಿಸಬೇಕು? ಹಾಡಿನಲ್ಲಿ ಹೆಣ್ಣು ಎರಡು ಸೀರೆಯನ್ನೂ ಉಟ್ಟು ಹಾಯಾಗಿದ್ದಳು. ಗೋಡೆಯಲ್ಲಿ ಅದಾಗುತ್ತದೆಯೇ?

"ಕುದೇರಲ್ಲಿ ಕೆಂಪು ಅಂತ್ಲೇ ಹಾಡದು. ನೀನು ಹಸ್ರು ಅಂದಾಗೆಲ್ಲ ಮರ್ತಿದ್ದೀಯೇನೋ ಪಾಪ ಅಂತ ನಾನು ಸರಿ ಮಾಡ್ಕಂಡು ಬತ್ತಿದ್ದೆ" ಎಂದರು ಕುದೇರಮ್ಮ.

"ನನ್ ಹಾಡ ನೀನು ಸರಿ ಮಾಡೋಳಾ?"

"ಗೋಡೆ ನಂದು. ಕೆಂಪು ಬಳುದ್ರೆ ಬಳೀಲಿ, ಇಲ್ದಿದ್ರೆ ಬ್ಯಾಡ." ಬಾಗಿಲು ಹಾಕಿಕೊಂಡ ಸದ್ದು ಡೈರಿಯವರೆಗೂ ಕೇಳಿಸಿತಂತೆ.

ಅಲ್ಲಿಗೆ ಎಲ್ಲವೂ ನಿಂತಿತು. ಗೋಡೆಯ ಮೇಲೆ ಬಣ್ಣವಿಲ್ಲದ ಹೆಣ್ಣು, ತಲೆ ತಗ್ಗಿಸಿಕೊಂಡು, ಹೊಸಿಲಿನಾಚೆ. ಸಾರಿನ ಪಾತ್ರೆ ಬೀದಿ ದಾಟುವುದು ನಿಂತಿತು. ಹಾಡು ಮುಗಿಯದೆ ಇನ್ನೊಂದು ಮದುವೆಯಲ್ಲಿ ಬಾಯಿ ತೆರೆಯುವಂತಿಲ್ಲವಲ್ಲ, ಮೇಲಿನ ಬೀದಿಯ ಮದುವೆಗೆ ಕರೆಯಲು ಬಂದವರನ್ನು ಅತ್ತೆ ವಾಪಸು ಕಳಿಸಿದರು. ಆ ಮದುವೆಯಲ್ಲಿ ಸ್ಪೀಕರ್ ಪೆಟ್ಟಿಗೆಗಳೇ ಕುಣಿದವು. ಅತ್ತೆ ಜಗಲಿಯ ಮೇಲೆ ಬಾಯಿ ಮುಚ್ಚಿ ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಪೇಂಟರ್ ನನಗೆ ಫೋನ್ ಮಾಡಿದ: "ಸಾ, ಸೋಮವಾರದಿಂದ ಗುಂಡ್ಲುಪೇಟೆ ಮಂಡಿ ಗೋಡೆ ಹಿಡೀಬೇಕು. ಅಷ್ಟ್ರಲ್ಲಿ ಏನಾದ್ರೂ ಒಂದು ಹೇಳ್ಸಿ. ಇಲ್ದಿದ್ರೆ ಈಯಮ್ಮ ಹಿಂಗೇ ಬಿಳೀ ಗೀಟಲ್ಲೇ ಉಳ್ಕತ್ತಾರೆ."

ಭಾನುವಾರ ಸಂಧಾನಕ್ಕೆ ಹೋದೆ. ರಾತ್ರಿಯೆಲ್ಲ ಯೋಚಿಸಿ ಒಂದು ಉಪಾಯ ಹೊಂದಿಸಿಕೊಂಡಿದ್ದೆ. ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು.

"ಅತ್ತೆ, ಒಡಲು ಹಸಿರು, ಸೆರಗು ಕೆಂಪು ಮಾಡಿಸಿಬಿಟ್ಟರೆ?"

"ಅವ್ಳೇನು ಮದ್ಲಿಂಗಿತ್ತಿನಾ, ಸಿಗ್ನಲ್ ಲೈಟಾ?"

ನನ್ನ ಉಪಾಯ ಅಲ್ಲಿಗೆ ಮುಗಿಯಿತು. ನಾನೂ ಕಾಯಿ ಬಿಡಿಸುತ್ತ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಎದುರು ಗೋಡೆಯನ್ನೇ ನೋಡುತ್ತ ಹೇಳಿದರು:

"ಕೆಂಪೇ ಬಳ್ಯಾಕೆ ಹೇಳು."

"ಏನತ್ತೆ?"

"ಕೆಂಪೇ ಕಣ್ಲಾ ಅದು. ನಮ್ಮವ್ವ ಹೇಳ್ಕೊಟ್ಟಿದ್ದೂ ಕೆಂಪೇ. ಬದ್ಲಾಯ್ಸಿದ್ದು ನಾನು. ನಿಮ್ಮಪ್ಪನ ಮದ್ವೇಲಿ."

ನಾನು ಕಾಯಿ ಬಿಡಿಸುವುದನ್ನು ನಿಲ್ಲಿಸಿದೆ.

"ನಿಮ್ ತಾತ ಧಾರೆ ಸೀರೆ ತರಾಕೋಗಿ ಹಸ್ರು ತಂದ್ಬುಡ್ತು. ಕೆಂಪಾದ್ರೆ ಬಣ್ಣ ಬುಟ್ಕತ್ತದೆ ಅಂತ ಎದ್ರಿಕೆ. ನಿನ್ ತರಾನೇ ಪುಕ್ಲ. ನಿಮ್ಮವ್ವ ಅದ್ನೇ ಉಟ್ಕಂಡು ಕೂತಿದ್ಲು. ಎಂಗುಸ್ರೆಲ್ಲ ಗುಸುಗುಸು, ಕಿಸಿಕಿಸಿ. ಈಗ ಹಾಡ್ನಲ್ಲಿ ಕೆಂಪು ಅಂತ ಬತ್ತದೆ, ಆಗ ಇನ್ನೂ ಜೋರಾಗಿ ನಗ್ತಾರೆ ಅಂತ ಅವ್ಳಿಗೂ ಗೊತ್ತು. ತಲೆ ನೆಲಕ್ಕೆ ಓಗ್ಬುಟ್ಟಿತ್ತು. ನಾನು ಹಸ್ರು ಅಂದ್ಬುಟ್ಟೆ. ಗಟ್ಯಾಗಿ. ಅವ್ಳು ತಲೆ ಎತ್ತಿ ನನ್ನ ನೋಡುದ್ಲು."

ಒಂದು ಹಿಡಿ ಕಾಳನ್ನು ಮೊರಕ್ಕೆ ಹಾಕಿದರು.

"ಆಮೇಕೆ ಯಾವ ಮದ್ವೇಲಿ ಆ ಸಾಲು ಬಂದ್ರೂ, ಎಲ್ಲೇ ಕೂತಿರ್ಲಿ, ಒಂದ್ಸಲ ತಲೆ ಎತ್ತಿ ನನ್ನ ನೋಡೋಳು. ಅಷ್ಟೇ ಕಣ. ಈಗ ನೋಡೋರು ಯಾರವ್ರೆ? ಕೆಂಪು ಬಳ್ಯಾಕೆ ಹೇಳು. ಆ ಹೆಣ್ಣು ಮನೆ ಸೇರ್ಲಿ."

ಅವ್ವ ತೀರಿಕೊಂಡು ಕೆಲವು ವರ್ಷಗಳಾದವು. ಅವ್ವ ಯಾವ ಸೀರೆಯಲ್ಲಿ ಮದುವೆಯಾದಳೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ನೇರ ಬೀದಿ ದಾಟಿ, ಬಾಗಿಲು ತಟ್ಟಿ, ಕುದೇರಮ್ಮನಿಗೆ ಅಷ್ಟನ್ನೂ ಹೇಳಿಬಿಟ್ಟೆ. ಅವರು ಸೆರಗಿನಲ್ಲಿ ಮೂಗು ಒರೆಸಿಕೊಂಡು ಈಚೆ ಬಂದು, ಬೆಳಿಗ್ಗೆಯೇ ಬಂದು ಡಬ್ಬಗಳ ನಡುವೆ ಕಾಯುತ್ತ ಕೂತಿದ್ದ ಪೇಂಟರನಿಗೆ ಅಪ್ಪಣೆ ಕೊಟ್ಟರು: "ಹಸ್ರು ಬಳಿಲಾ."

ಎದುರು ಜಗಲಿಯಿಂದ ಅತ್ತೆ ಎದ್ದೇಬಿಟ್ಟರು. "ಯಾಕೆ? ಕೆಂಪು ಬಳೀಲಿ ಅಂದಿವ್ನಿ."

"ನೀನ್ಯಾರು ಅನ್ನಕೆ? ಗೋಡೆ ನಂದು. ಹಸ್ರು."

"ಹಾಡು ನಂದು. ಕೆಂಪು."

ಪೇಂಟರ್ ಎರಡು ಕೈಯಲ್ಲಿ ಎರಡು ಡಬ್ಬ ಹಿಡಿದು ನನ್ನ ಮುಖ ನೋಡಿದ. "ಸಾ, ಹುಲಿನೇ ವಾಸಿ ಅಂತ ನಾನು ಅವತ್ತೇ ಹೇಳ್ಲಿಲ್ವಾ?"

ಗೋಡೆಯ ಒಡತಿಯೇ ಗೆದ್ದರು. ಆತ ಹಸಿರು ಬಳಿಯಲು ಶುರುಮಾಡಿದ ಮೇಲೆ ಅತ್ತೆ ಬೇರೆ ದಾರಿ ಕಾಣದೆ ಹಾಡು ಎತ್ತಿದರು. ಕುದೇರಮ್ಮ ತಮ್ಮ ಜಗಲಿಯಿಂದಲೇ ಹಿಡಿದರು. ಸೀರೆಯ ಸಾಲು ಬಂತು. ಕುದೇರಮ್ಮನಿಗಾಗಿ ಅತ್ತೆ ಕೆಂಪು ಎಂದು ಎತ್ತಿಕೊಟ್ಟರು. ಅತ್ತೆಗಾಗಿ ಕುದೇರಮ್ಮ ಹಸಿರು ಎಂದು ಹಿಡಿದರು. ಆಗಲೂ ಹೊಂದಲಿಲ್ಲ. ಹಾಡು ಮಾತ್ರ ನಿಲ್ಲದೆ ಹೊಸಿಲು ದಾಟಿ ಮನೆ ಸೇರಿತು. ಮುಗಿಯುವ ಮೊದಲು ಅತ್ತೆ ಒಂದೇ ಒಂದು ತಿದ್ದುಪಡಿ ಹೇಳಿದರು:

"ತಲೆ ಬಗ್ಗುಸ್ಬ್ಯಾಡ್ಲಾ. ಎತ್ತಿರ್ಲಿ. ಈ ಕಡೆ ನೋಡ್ಲಿ."

ಆ ಮುಖ ನಮ್ಮವ್ವನದಲ್ಲ. ಆತ ಅವ್ವನನ್ನು ನೋಡಿಯೇ ಇಲ್ಲ. ಕಣ್ಣಂತೂ ಲಾರಿಯ ನವಿಲಿನ ಕಣ್ಣೇ. ಆದರೆ ಹಸಿರು ಸೀರೆಯುಟ್ಟು, ತಲೆ ಎತ್ತಿ, ಬೀದಿಯಾಚೆ ಅತ್ತೆಯ ಜಗಲಿಯನ್ನೇ ನೋಡುತ್ತಾಳೆ.

ಮುಂದಿನ ಭಾನುವಾರ ನಾನು ತಗಡು, ಮೊಳೆ ತೆಗೆದುಕೊಂಡು ಹೋಗಿ ಅವಳ ತಲೆಯ ಮೇಲಿನಷ್ಟು ಜಾಗಕ್ಕೆ ಒಂದು ಸೂರು ಹೊಡೆದೆ. ಅತ್ತೆ ನೋಡುತ್ತಿದ್ದರು.

"ಇದ್ಯಾಕ್ಲಾ, ಇಷ್ಟಕ್ಕೆ ಮಾತ್ರ?"

"ಮಳೆ ಅತ್ತೆ."

"ಲಾರಿ ಬಣ್ಣ ಅಲ್ವಾ? ಕೇರಳದ ಮಳೇಗೂ ಬುಡಕ್ಕಿಲ್ಲ ಅಂದಿದ್ನಲ್ಲ."

"ಅಂದಿದ್ದ. ಆದ್ರೂ."

ಪುಕ್ಕಲ ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ಜಗಲಿಯ ಮೇಲೆ ಸ್ವಲ್ಪ ಸರಿದು, ಪಕ್ಕದಲ್ಲಿ ನನಗೆ ಜಾಗ ಮಾಡಿಕೊಟ್ಟರು.