ಎರಡು ನಿಮಿಷದ ಮಾದರಿ ಸವಾರ

ಹೆಂಡತಿ: ರೀ, ಇದು ರಸ್ತೆ ಸುರಕ್ಷತೆ ವಿಡಿಯೋನೋ, ಇಲ್ಲಾ ನಿಮಗೆ ಹೆಣ್ಣು ನೋಡೋಕೆ ಹೊರಟಿದ್ದೀವೋ? ಇದು ಮೂರನೇ ಷರ್ಟು!

ಟೈಲರ್: ಎರಡು ನಿಮಿಷ ಇಡೀ ಕ್ಲಾಸು ನನ್ನನ್ನೇ ನೋಡುತ್ತೆ ಕಣೇ. ಟೈಲರ್ ಕಾಲರೇ ಮುದುರಿದ್ರೆ ನಾಳೆ ಯಾರು ಬಟ್ಟೆ ಕೊಡ್ತಾರೆ?

ವಿಷಯ ಇಷ್ಟೇ. ಮೂರು ತಿಂಗಳ ಹಿಂದೆ ಈ ಟೈಲರ್ ಸಾಹೇಬರು ಸ್ಕೂಟರ್ ಓಡಿಸುತ್ತಲೇ ಫೋನಿನಲ್ಲಿ ಗಿರಾಕಿಯೊಬ್ಬರ ತೋಳಿನ ಅಳತೆ ಕೇಳುತ್ತಾ ಸಿಕ್ಕಿಬಿದ್ದಿದ್ದರು. ಲೈಸೆನ್ಸ್ ಅಮಾನತಾಯಿತು. ಅದು ವಾಪಸ್ ಬೇಕಾದರೆ ಶನಿವಾರದ ಸುರಕ್ಷತಾ ಕ್ಲಾಸಿನಲ್ಲಿ ಕೂರಬೇಕು. ಕೊನೆಯ ದಿನ, ಜನರಿಗೆ ಬುದ್ಧಿ ಹೇಳುವ ವಿಡಿಯೋ ಒಂದನ್ನು ತಾವೇ ಮಾಡಿ ತೋರಿಸಬೇಕು. ಆ ಕೊನೆಯ ದಿನ ಇವತ್ತು, ಸಂಜೆ ನಾಲ್ಕಕ್ಕೆ. ಪಾಸಾಗದಿದ್ದರೆ ಇನ್ನೂ ಮೂರು ತಿಂಗಳು ಸ್ಕೂಟರಿನಲ್ಲಿ ಹೆಂಡತಿಯ ಹಿಂದೆ ಕೂತು ಅಂಗಡಿಗೆ ಹೋಗಬೇಕು, ತಿರುವಿಗೊಂದು ಬುದ್ಧಿಮಾತು ಕೇಳಿಕೊಂಡು.

ಹೆಂಡತಿ: ಹೀಗೆ ಮಾಡೋಣ. ಗಾಡಿ ನಾನು ಓಡಿಸ್ತೀನಿ, ನೀವು ಫುಟ್‌ಪಾತ್ ಮೇಲೆ ನಿಂತು ಬುದ್ಧಿ ಹೇಳಿ.

ಟೈಲರ್: ಆಹಾ! ಉಗಿಸಿಕೊಂಡೋನು ನಾನು, ಹೀರೋಯಿನ್ ನೀನಾ?

ಹೆಂಡತಿ: ಮೂರು ತಿಂಗಳು ನಿಮ್ಮನ್ನ ಹೇರ್ಕೊಂಡು ತಿರುಗಿದ್ದೀನಿ. ಒಂದು ಮೂಲೇಲಾದ್ರೂ ನನ್ನ ಮುಖ ಬೇಡ್ವಾ?

ಟೈಲರ್: ನೀನು ಕ್ಯಾಮೆರಾ ಹಿಂದೆ. ಅದೂ ದೊಡ್ಡ ಜವಾಬ್ದಾರಿನೇ.

ಹೆಂಡತಿ: ಹಿಂದೆ, ಹಿಂದೆ! ನಿಮ್ಮನೆ ಗ್ರೂಪ್ ಫೋಟೋದಲ್ಲೂ ಅಷ್ಟೇ. ನಿಮ್ಮಕ್ಕ ಅಡ್ಡ ನಿಂತು, ನನ್ನದು ಒಂದು ಕಿವಿ ಮಾತ್ರ ಕಾಣುತ್ತೆ.

ಟೈಲರ್: ಹಳೇ ಪುರಾಣ ಬಿಚ್ಚಬೇಡ. ನಾನು ಆ ತಿರುವಿಂದ ಬರ್ತೀನಿ, ನೀನು ಗೇಟ್ ಹತ್ರ ನಿಂತು ತೆಗಿ.

ಟೈಲರ್ ಬಂದರು, ಹೋದರು. ತಿರುಗಿ ಬಂದು ಹೆಲ್ಮೆಟ್ಟಿನೊಳಗಿಂದಲೇ ವಿಡಿಯೋ ನೋಡಿದರು.

ಟೈಲರ್: ಇದೇನೇ, ಎದುರುಮನೆ ನಾಯಿ ಬಿಟ್ರೆ ಏನೂ ಇಲ್ಲ?

ಹೆಂಡತಿ: ಬಂದ್ರಿ ಅನ್ನೋದ್ರೊಳಗೆ ಹೋಗೇಬಿಟ್ರಿ. ನಾಯಿ ನೋಡಿ, ನಿಂತು ಪೋಸ್ ಕೊಡ್ತು.

ಟೈಲರ್: ನೀನು ಜೊತೆಜೊತೆಗೇ ಬರ್ಬೇಕು. ಪಕ್ಕದ್ಮನೆ ನರ್ಸಮ್ಮನ ಸ್ಕೂಟರ್ ಕೇಳು.

ಹೆಂಡತಿ: ಒಂದು ಕೈಲಿ ಗಾಡಿ, ಇನ್ನೊಂದು ಕೈಲಿ ಫೋನಾ?

ಟೈಲರ್: ಮಾತಾಡು ಅಂದ್ನಾ? ಬರೀ ಹಿಡ್ಕೋ ಅಂದೆ. ನಾನು ಮಾತಾಡಿ ಸಿಕ್ಕಿಬಿದ್ದಿದ್ದು, ಹಿಡ್ಕೊಂಡಲ್ಲ.

ಹೆಂಡತಿ: ನನ್ನ ಹೆಲ್ಮೆಟ್ ಎಲ್ಲಿ?

ಟೈಲರ್: ಅಂಗಡೀಲಿದೆ. ಅದರ ತುಂಬ ಷರ್ಟಿನ ಗುಂಡಿ ಹಾಕಿಟ್ಟಿದ್ದೀನಿ.

ಹೆಂಡತಿ: ಅಯ್ಯೋ ನನ್ನ ಕರ್ಮವೇ, ಗುಂಡಿಗಿರೋ ಬೆಲೆ ಹೆಂಡತಿ ತಲೆಗಿಲ್ವಲ್ಲ!

ಟೈಲರ್: ಕ್ಯಾಮೆರಾ ಹಿಂದೆ ಇರೋಳನ್ನ ಯಾರೇ ನೋಡ್ತಾರೆ? ಗಂಟೆ ಮೂರಾಯ್ತು, ಹೊರಡು!

ಹೊರಟರು. ಟೈಲರ್ ಅಷ್ಟು ಶಿಸ್ತಾಗಿ ಜನ್ಮದಲ್ಲಿ ಗಾಡಿ ಓಡಿಸಿರಲಿಲ್ಲ. ತಿರುವಿಗೆ ಮುಂಚೆಯೇ ಇಂಡಿಕೇಟರ್ ಹಾಕಿದರು. ಜೀಬ್ರಾ ಕ್ರಾಸಿಂಗ್ ಮುಂದೆ ನಿಂತು ಒಬ್ಬ ಅಜ್ಜಿಗೆ ದಾರಿ ಬಿಟ್ಟರು. ಅಜ್ಜಿ ಅನುಮಾನಪಟ್ಟು ದಾಟಲೇ ಇಲ್ಲ. ಕನ್ನಡಕದ ಅಂಗಡಿ ದಾಟಿ, ಸಿಗ್ನಲ್ಲಿನಲ್ಲಿ ನಿಂತು ಕ್ಯಾಮೆರಾಕ್ಕೆ ಹೇಳಿದರು: “ಬಂಧುಗಳೇ, ಪ್ರಾಣ ಒಂದೇ. ಬಿಚ್ಚಿ ಮತ್ತೆ ಹೊಲಿಯೋಕೆ ಅದು ಷರ್ಟಲ್ಲ.”

ನಾಲ್ಕು ಗಂಟೆಗೆ ಕ್ಲಾಸಿನ ಗೋಡೆಯ ಮೇಲೆ ವಿಡಿಯೋ ಓಡಿತು. ಲೈಸೆನ್ಸ್ ಕಳೆದುಕೊಂಡ ಮೂವತ್ತು ಜನ ಚಪ್ಪಾಳೆ ತಟ್ಟಿದರು. ಹೆಂಡತಿ ಹಿಂದಿನ ಬೆಂಚಿನಲ್ಲಿದ್ದರು.

ಇನ್ಸ್‌ಪೆಕ್ಟರ್: ಭೇಷ್! ಒಂದು ತಪ್ಪಿಲ್ಲ. ಈ ಸವಾರರು ಯಾರು?

ಟೈಲರ್: (ಕಾಲರ್ ಸರಿಮಾಡಿಕೊಂಡು) ನಾನೇ ಸಾರ್.

ಇನ್ಸ್‌ಪೆಕ್ಟರ್: ಯಾವಾಗ ತೆಗೆದಿದ್ದು?

ಟೈಲರ್: ಈಗ ತಾನೇ ಸಾರ್, ಮೂರು ಗಂಟೆಗೆ. ಇನ್ನೂ ಬಿಸಿ ಆರಿಲ್ಲ.

ಇನ್ಸ್‌ಪೆಕ್ಟರ್: ನಿಮ್ಮ ಲೈಸೆನ್ಸ್ ಎಲ್ಲಿದೆ?

ಟೈಲರ್: ನಿಮ್ಮ ಡ್ರಾಯರಲ್ಲೇ ಇದೆಯಲ್ಲ ಸಾ...

ಟೈಲರ್ ಕೈ ಕಾಲರಿನ ಮೇಲೇ ನಿಂತಿತು. ಚಪ್ಪಾಳೆಯೂ ನಿಂತಿತು.

ಹೆಂಡತಿ: ನಾನು ಓಡಿಸ್ತೀನಿ ಅಂತ ಬಡ್ಕೊಂಡೆ ಸಾರ್, ಕೇಳಿದ್ರೆ ತಾನೇ? ಇನ್ನೂ ಮೂರು ತಿಂಗಳು ನನ್ನ ಹಿಂದೆ ಕೂರ್ಲಿ, ಆಗ ಬುದ್ಧಿ ಬರುತ್ತೆ.

ಇನ್ಸ್‌ಪೆಕ್ಟರ್: ತಾಳಿ ಅಮ್ಮ, ಈ ವಿಡಿಯೋ ತೆಗೆದಿದ್ದು ಯಾರು?

ಟೈಲರ್ ಮೆಲ್ಲಗೆ ಹಿಂದಿನ ಬೆಂಚಿನ ಕಡೆ ನೋಡಿದರು. ಇನ್ಸ್‌ಪೆಕ್ಟರ್ ವಿಡಿಯೋ ಹಿಂದಕ್ಕೆ ಓಡಿಸಿ ಕನ್ನಡಕದ ಅಂಗಡಿಯ ಹತ್ತಿರ ನಿಲ್ಲಿಸಿದರು. ಅಂಗಡಿಯ ದೊಡ್ಡ ಗಾಜಿನಲ್ಲಿ, ಹೆಲ್ಮೆಟ್ ಇಲ್ಲದೆ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಫೋನ್ ಹಿಡಿದ ಹೆಂಗಸೊಬ್ಬರು ಎರಡು ಕಿವಿ ಸಮೇತ ಸ್ಪಷ್ಟವಾಗಿ ಕಂಡರು.

ಇನ್ಸ್‌ಪೆಕ್ಟರ್: ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ! ಅಮ್ಮ, ನಿಮ್ಮ ಲೈಸೆನ್ಸೂ ಇಲ್ಲಿ ಇಡಿ. ಮುಂದಿನ ಶನಿವಾರದಿಂದ ಇಬ್ಬರೂ ಬನ್ನಿ, ನಡ್ಕೊಂಡು.

ಇಬ್ಬರೂ ತಲೆತಗ್ಗಿಸಿ ಹೊರಗೆ ಬಂದರು. ಮೆಟ್ಟಿಲಿಳಿಯುವಷ್ಟರಲ್ಲಿ ಟೈಲರ್‌ಗೆ ಉಸಿರು ಬಂತು.

ಟೈಲರ್: ವಿಡಿಯೋದಲ್ಲಿ ಮುಖ ಇಲ್ಲ ಅಂತ ಅಳ್ತಿದ್ದೆಯಲ್ಲ. ನೋಡು, ಎಷ್ಟು ಚೆನ್ನಾಗಿ ಬಂದಿದೆ!

ಹೆಂಡತಿ: ಸುಮ್ನೆ ನಡೀರಿ. ಜನ್ಮದಲ್ಲಿ ಒಂದೇ ಒಂದು ಸಲ ನಿಮ್ಮಕ್ಕ ಅಡ್ಡ ನಿಲ್ಬೇಕಾಗಿತ್ತು, ಇವತ್ತೇ ಬರ್ಲಿಲ್ಲ!