ಅರ್ಧ ಗಂಟೆಯ ಪದಬಂಧ, ದಿನವಿಡೀ ಅನುಮಾನ

ಗೊಂಬೆ ಊರಿನ ಸೊಸೆ ಬ್ರಷ್ ಹಿಡಿದು ಕೂತರೆ ಯಾರೂ ತಿರುಗಿ ನೋಡುವುದಿಲ್ಲ. ಅದೇ ಸೊಸೆ ಪೆನ್ನು ಹಿಡಿದು ಕೂತಳೋ, ಮನೆಯವರಿಗೆಲ್ಲ ಅವಳ ಬೆನ್ನ ಹಿಂದೆಯೇ ಏನೋ ಕೆಲಸ ನೆನಪಾಗುತ್ತದೆ. ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದ ಆರು ವರ್ಷದಿಂದ ನೋಡುತ್ತಲೇ ಇದ್ದೇನೆ.

ನಾನು ಓದಿದ್ದು ಹತ್ತನೇ ಕ್ಲಾಸು. ಮನೆಯಲ್ಲೇ ಕೂತು ಮರದ ಗೊಂಬೆಗಳಿಗೆ ಕಣ್ಣು, ಮೂಗು, ಮೀಸೆ ಬರೆಯುತ್ತೇನೆ. ಮಗಳು ಅಂಗನವಾಡಿಯಲ್ಲಿರುವಾಗ, ಹನ್ನೊಂದು ಗಂಟೆಗೆ, ಅರ್ಧ ಗಂಟೆ ಪೇಪರಿನ ಪದಬಂಧ ಬಿಡಿಸುತ್ತೇನೆ. ಇಡೀ ದಿನದಲ್ಲಿ ನನ್ನದು ಅಂತ ಇರುವುದು ಆ ಅರ್ಧ ಗಂಟೆ ಮಾತ್ರ. ಅದನ್ನು ಉಳಿಸಿಕೊಳ್ಳಲು ಪಟ್ಟ ಪಾಡು ಒಂದೆರಡಲ್ಲ.

'ರ'ದಲ್ಲಿ ಮುಗಿಯುವವನು

ಪೇಪರ್ ನಮ್ಮದಲ್ಲ, ಪಕ್ಕದ ಮನೆಯ ರಿಟೈರ್ಡ್ ಟೀಚರದು. ಅವರು ಕೈಲಾದಷ್ಟು ತುಂಬಿಸಿ ನನಗೆ ಕೊಡುತ್ತಾರೆ. ಒಂದು ದಿನ ಕಾಂಪೌಂಡಿನ ಮೇಲಿಂದಲೇ ಕೇಳಿದೆ: "ಮಿಸ್, ರಾತ್ರಿ ಹೊತ್ತು ಓಡಾಡೋನು ಯಾರು? ಕೊನೆಗೆ 'ರ' ಬತ್ತದೆ."

"ನನಗೂ ಅವನೇ ಸಿಗ್ತಿಲ್ಲ ಕಣಮ್ಮ," ಅಂದರು ಟೀಚರು.

ಊಟಕ್ಕೆ ಬಂದಿದ್ದ ನನ್ನ ಗಂಡ ಬಾಗಿಲ ಹಿಂದೆ ನಿಂತು ಇಷ್ಟನ್ನೂ ಕೇಳಿಸಿಕೊಂಡಿದ್ದಾರೆ. ಆವತ್ತು ಮುದ್ದೆ ಮುರಿದರು, ನುಂಗಲಿಲ್ಲ.

"ಆ ಶಂಕರ ನಮ್ಮ ಬೀದೀಲಿ ಯಾಕೆ ತಿರುಗ್ತಾನೆ?"

"ಹಾಲು ಹಾಕಕ್ಕೆ."

"ಆ ಕುಮಾರ?"

"ಕೇಬಲ್ ನೋಡಕ್ಕೆ. ನೀವೇ ಫೋನ್ ಮಾಡಿ ಕರೆಸಿದ್ರಲ್ಲ."

"ಸುಂದರ?"

"ರೀ, ಅವರು ನಿಮ್ಮ ಸ್ವಂತ ಚಿಕ್ಕಪ್ಪ! ಕೋಲಿಲ್ಲದೆ ಏಳಕ್ಕಾಗಕಿಲ್ಲ!"

ಆಮೇಲೆ ಪೇಪರ್ ತಂದು ಮುಖಕ್ಕೆ ಹಿಡಿದೆ. ಅಷ್ಟರಲ್ಲಿ ನನಗೆ ಉತ್ತರ ಹೊಳೆದಿತ್ತು. "ನೋಡಿ, ನಿಶಾಚರ. ನಾಲ್ಕು ಮನೆ, ನಾಲ್ಕು ಅಕ್ಷರ. ನಿಶಾಚರ ಅಂದ್ರೆ ರಾಕ್ಷಸ."

ನನ್ನ ಗಂಡ ಮುರಿದಿಟ್ಟ ಮುದ್ದೆ ನುಂಗಿದರು. "ಸರಿ. ನಮ್ಮ ಬೀದಿಯೋನಲ್ಲ ತಾನೆ?"

ಗುಂಡಿ ಎಲ್ಲಿ?

ಗಂಡನ ಅನುಮಾನ ತೀರಿತು ಅನ್ನುವಷ್ಟರಲ್ಲಿ ಟೀಚರಿಗೇ ಹಿಡಿಯಿತು. ಅವರು ಎಂ.ಎ. ಓದಿದವರು. ಅವರು ಬಿಟ್ಟ ಮನೆಗಳನ್ನೆಲ್ಲ ನಾನು ತುಂಬಿಸಿ ವಾಪಸು ಕೊಟ್ಟರೆ ಕನ್ನಡಕ ಏರಿಸಿ ನನ್ನ ಕೈ ನೋಡುತ್ತಿದ್ದರು, ಚೀಟಿ ಏನಾದರೂ ಇದೆಯಾ ಅಂತ.

"ಮೊಬೈಲಲ್ಲಿ ನೋಡ್ಕೊಂಡೆ ಅಲ್ವಾ?"

"ನನ್ನದು ಬಟನ್ ಸೆಟ್ಟು ಮಿಸ್. ಅದರಲ್ಲಿ ಟೈಮು ಬಿಟ್ಟು ಇನ್ನೇನೂ ಕಾಣಲ್ಲ."

ಅವರಿಗೆ ಸಮಾಧಾನವಾಗಲಿಲ್ಲ. ಎದುರಿಗೆ ಕೂರಿಸಿ ಪರೀಕ್ಷೆ ಕೊಟ್ಟರು. "'ರಮಾ ಗಡಿಯಾರ ನೋಡಿದಳು.' ಇದರೊಳಗೆ ನಮ್ಮ ಜಿಲ್ಲೆಯ ಊರೊಂದು ಅಡಗಿದೆ. ತಪ್ಪಿದರೆ ನಾಳೆಯಿಂದ ಪೇಪರ್ ಇಲ್ಲ."

"ಮಾಗಡಿ," ಅಂದೆ. ರಮಾಳ ಬಾಲಕ್ಕೆ ಗಡಿಯಾರದ ತಲೆ ಅಂಟಿಸಿದರೆ ಆಯಿತು.

"ಯಾರು ಹೇಳಿಕೊಟ್ಟರು ನಿನಗೆ?"

"ಮೂರು ವರ್ಷದ ಮಗು ನುಂಗಿದ ಅಂಗಿ ಗುಂಡಿ ಹುಡುಕಿದೋಳು ನಾನು. ಒಂದು ವಾಕ್ಯ ನುಂಗಿದ ಊರು ಯಾವ ಲೆಕ್ಕ ಮಿಸ್?"

ಅವರು ಪೇಪರ್ ಮಡಚಿ ಕೈಗಿಟ್ಟರು. ನಾನು ಗೇಟು ದಾಟುವಾಗ ಹಿಂದಿನಿಂದ ಕೂಗಿದರು: "ಗುಂಡಿ ಸಿಕ್ತೇನಮ್ಮಾ?"

"ಸಿಕ್ತು ಮಿಸ್. ಪದಬಂಧದ ಥರ ಅದರ ಉತ್ತರಾನೂ ಮಾರನೇ ದಿನವೇ ಬಂತು!"

ಕಣ್ಣಿಲ್ಲದ ಗೊಂಬೆ

ಇವರಿಬ್ಬರೂ ಏನೇನೂ ಅಲ್ಲ. ನಮ್ಮ ಅತ್ತೆಗೆ ಓದು ಬರುವುದಿಲ್ಲ, ಆದರೆ ನೋಡಿದ್ದನ್ನೆಲ್ಲ ಅರ್ಥ ಮಾಡಿಕೊಂಡೇ ಬಿಡುತ್ತಾರೆ.

ಒಂದು ಮಂಗಳವಾರ ಪೆನ್ನು ಸಿಗಲಿಲ್ಲ. ಮೀಸೆ ಬರೆಯುವ ಬ್ರಷ್ಷನ್ನೇ ಕಪ್ಪು ಬಣ್ಣದಲ್ಲಿ ಅದ್ದಿ ಚೌಕಗಳಲ್ಲಿ ಅಕ್ಷರ ತುಂಬಿಸಿದೆ. ಫ್ಯಾನಿನ ಗಾಳಿಗೆ ಪೇಪರ್ ಹಾರದಿರಲಿ ಅಂತ ಅದರ ಮೇಲೊಂದು ಗೊಂಬೆ ಇಟ್ಟು ನೀರು ಕುಡಿಯಲು ಎದ್ದೆ. ಆ ಗೊಂಬೆಗೆ ಮೀಸೆ ಬರೆದಾಗಿತ್ತು. ಕಣ್ಣು ಬಾಕಿ ಇತ್ತು.

ಅಡುಗೆಮನೆಗೆ ಅತ್ತೆಯ ಕೂಗು ಕೇಳಿಸಿತು. "ಅಯ್ಯಯ್ಯೋ, ನನ್ ಮಗನ ಮೀಸೆ! ಯಂತ್ರ ಬರ್ದು ಅದರ ಮ್ಯಾಲೆ ನಿಲ್ಸವಳೆ! ಕಣ್ಣೂ ತೆಗ್ದಾಕ್ಬುಟ್ಟವಳೆ!"

"ಅತ್ತೆ, ಅದು ಪದಬಂಧ."

"ಬಂಧ ಅಂತ ನಿನ್ ಬಾಯಲ್ಲೇ ಬಂತಲ್ಲ! ಅದಕ್ಕೇ ಅವನು ನೀನು ಅಂದಂಗೆ ಕುಣೀತಾನೆ!"

ಅವರ ಮಗ ನಾನು ಹೇಳಿದಂತೆ ಕುಣಿಯುವುದಿರಲಿ, ಒಂದು ಕೊತ್ತಂಬರಿ ಕಟ್ಟು ತಂದ ದಿನವೂ ಇಲ್ಲ. ಹೇಳಿದರೆ ಕೇಳುವವರು ಯಾರು? ಅತ್ತೆ ಸೀರೆ ಬದಲಿಸಿಕೊಂಡು ಬಂದರು. "ನಡಿ ಕಬ್ಬಾಳಿನ ಗುಡೀಗೆ. ಅಮ್ಮನಿಗೆ ಕೈ ಮುಗ್ದು, ದಾರೀಲಿ ಶಾಸ್ತ್ರ ಹೇಳೋ ಅಯ್ಯನಿಗೆ ತೋರ್ಸವ. ಅವರು ಹೂಂ ಅಂದ್ರೆ ಇವತ್ತಿಂದ ಈ ಮನೇಲಿ ಪೇಪರೂ ಇಲ್ಲ, ಪೆನ್ನೂ ಇಲ್ಲ."

ಅಂಗನವಾಡಿಯಿಂದ ಮಗಳನ್ನು ಕರೆತರುವ ಕೆಲಸ ಪಕ್ಕದ ಮನೆಯ ಟೀಚರಿಗೆ ಒಪ್ಪಿಸಿ ಹೊರಟೆ. ಬಸ್ಸಿನಲ್ಲಿ ಅತ್ತೆ ಪೇಪರನ್ನು ಬೇವಿನ ಸೊಪ್ಪಿನಲ್ಲಿ ಸುತ್ತಿ ತುದಿಬೆರಳಲ್ಲಿ ಹಿಡಿದಿದ್ದರು. ದೇವಸ್ಥಾನದಲ್ಲಿ ಕೈ ಮುಗಿಯುವಾಗ ನಾನು ಬೇಡಿಕೊಂಡದ್ದು ಒಂದೇ: ತಾಯಿ, ನನ್ನ ಅರ್ಧ ಗಂಟೆ ಉಳಿಸು.

ಅಯ್ಯನವರು ಹಣೆ ತುಂಬ ವಿಭೂತಿ ಬಳಿದುಕೊಂಡು ಚಾಪೆಯ ಮೇಲೆ ಕೂತಿದ್ದರು. ಅತ್ತೆ ಸೊಪ್ಪು ಬಿಡಿಸಿ ಪೇಪರನ್ನು ಅವರ ಮುಂದೆ ಇಟ್ಟು ಮೂರು ಹೆಜ್ಜೆ ಹಿಂದೆ ನಿಂತರು. ಅಯ್ಯನವರು ಬಗ್ಗಿ ನೋಡಿದರು. ಬೆರಳಿಟ್ಟು ಅಡ್ಡಕ್ಕೆ ಎಣಿಸಿದರು, ಮೇಲಿಂದ ಕೆಳಕ್ಕೆ ಎಣಿಸಿದರು.

"ಯಾರು ಬರೆದದ್ದು ಇದು?"

"ಇವಳೇ ಸ್ವಾಮಿ!" ಅತ್ತೆ ನನ್ನ ರಟ್ಟೆ ಹಿಡಿದು ಮುಂದಕ್ಕೆ ತಳ್ಳಿದರು.

ಅಯ್ಯನವರು ಚಾಪೆಯ ಕೆಳಗೆ ಕೈ ಹಾಕಿದರು. ಹೊರಗೆ ಬಂದದ್ದು ಅದೇ ದಿನದ ಅದೇ ಪೇಪರು. ಅರ್ಧ ತುಂಬಿತ್ತು, ಉಳಿದದ್ದು ಬರೀ ಹೊಡೆದುಹಾಕಿದ ಗೆರೆ. ಅವರು ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ನನ್ನದನ್ನು ನೋಡಿ ನೋಡಿ ಬರೆದುಕೊಳ್ಳತೊಡಗಿದರು.

"ಮೇಲಿಂದ ಕೆಳಕ್ಕೆ ಒಂಬತ್ತು ಬೆಳಗಿಂದ ನನ್ನ ಪ್ರಾಣ ತಿಂತಿತ್ತು ಕಣಮ್ಮ! ಬಂದೋರಿಗೆ ನೆಟ್ಟಗೆ ಶಾಸ್ತ್ರ ಹೇಳಕ್ಕೂ ಬಿಡ್ಲಿಲ್ಲ. ನಾಳೆದನ್ನೂ ಮಾಡ್ತೀಯಾ? ಮಾಡಿದ್ರೆ ಒಸಿ ಫೋನ್ ಮಾಡಿ ಹೇಳವ್ವ."

ನಾನು ಗೆದ್ದೆ ಅಂದುಕೊಂಡು ಅತ್ತೆಯ ಮುಖ ನೋಡಿದೆ. ಅವರು ನನ್ನ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ಎಳೆದುಕೊಂಡು ಹೊರಟರು. ಬಸ್ಸು ಹತ್ತಿ ಕೂತ ಮೇಲೆ ಆ ಕಡೆ ಈ ಕಡೆ ನೋಡಿ, ನನ್ನ ಕಿವಿಯ ಹತ್ತಿರ ಬಂದರು.

"ನಿನ್ನದೇನೂ ತಪ್ಪಿಲ್ಲ ಬುಡು. ಪಾಪ, ಆ ಅಯ್ಯನಿಗೇ ಯಾರೋ ಮಾಟ ಮಾಡ್ಸವ್ರೆ. ನೋಡ್ದಲ್ಲ, ಚಾಪೆ ಕೆಳಗೇ ಇಕ್ಕವ್ರೆ! ನೀನು ಬರ್ದಿದ್ ನೋಡಿದ್ ಮ್ಯಾಲೇ ಅದು ಬುಟ್ಟಿದ್ದು!"

ಈಗ ಹನ್ನೊಂದು ಗಂಟೆಗೆ ಅತ್ತೆಯೇ ಪಕ್ಕದ ಮನೆಯಿಂದ ಪೇಪರ್ ತಂದು ನನ್ನ ಮುಂದೆ ಇಡುತ್ತಾರೆ. ಅಡುಗೆಯನ್ನೂ ಅವರೇ ನೋಡಿಕೊಳ್ಳುತ್ತಾರೆ. ನಾನು ಪೆನ್ನು ಕೆಳಗಿಟ್ಟರೆ ಮಾತ್ರ ಗದರುತ್ತಾರೆ:

"ಬಿರ್ರನೆ ಮುಗ್ಸಮ್ಮಿ, ಅಲ್ಲಿ ಆ ಅಯ್ಯ ಒದ್ದಾಡ್ತಿರ್ತಾನೆ!"