ಮೂರಕ್ಕೂ ನಾಲ್ಕಕ್ಕೂ ನಡುವೆ

ಎಲ್ಲ ಅನಾಹುತಕ್ಕೂ ಮೂಲ, ಲಿಫ್ಟಿನೊಳಗೆ ಅಂಗಿಗುಂಡಿಯಷ್ಟಿದ್ದ ಒಂದು ಕೆಂಪು ಬಟನ್.

"ಮತ್ತೆ ನಿಂತಿದೆಯಂತೆ. ಹೋಗಿ ಸರಿಮಾಡು. ಇವತ್ತು ಆ ಲಿಫ್ಟ್ ಇನ್ನೊಂದು ಸಲ ನಿಂತ್ರೆ ನಿನಗೆ ಕೆಲಸ ಇಲ್ಲ," ಎಂದು ಸೂಪರ್‌ವೈಸರ್ ಫೋನಿನಲ್ಲಿ ಕೂಗಿದ್ದ.

ಮೆಕ್ಯಾನಿಕ್ ಓಡಿಬಂದು, ಮೂರನೇ ಮತ್ತು ನಾಲ್ಕನೇ ಮಹಡಿಗಳ ನಡುವೆ ಸಿಕ್ಕಿಕೊಂಡಿದ್ದ ಲಿಫ್ಟಿನ ಬಾಗಿಲು ಸರಿಸಿ ಇಣುಕಿದ. ಒಳಗೆ ಮಡಚುವ ಸ್ಟೂಲಿನ ಮೇಲೆ, ಮಡಿಲಲ್ಲಿ ಫ್ಲಾಸ್ಕ್ ಇಟ್ಟುಕೊಂಡು ಕುಳಿತಿದ್ದವಳು ಅವನ ದೊಡ್ಡಮ್ಮ. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು. ಈಗ ಆರನೇ ಮಹಡಿಯಲ್ಲಿ ಒಂಟಿ. ಎದುರಿಗೆ ಕಟ್ಟಡದ ಸೆಕ್ರೆಟರಿಯೂ ಹಲ್ಲಿನ ಡಾಕ್ಟರಮ್ಮನೂ ಬೋನಿಗೆ ಬಿದ್ದ ಇಲಿಗಳಂತೆ ನಿಂತಿದ್ದರು.

"ಇಷ್ಟು ಬೇಗ ಯಾಕೋ ಬಂದೆ? ನಿಮ್ಮ ದೊಡ್ಡಪ್ಪ ಇನ್ನೂ ಈಗಷ್ಟೇ ರೈಲು ಹತ್ತಿದ್ರು!" ಎಂದು ದೊಡ್ಡಮ್ಮ ಗದರಿದಳು. ದೊಡ್ಡಪ್ಪ ಸತ್ತು ವರ್ಷಗಳಾಗಿದ್ದವು. ಕತೆ ಮಾತ್ರ ಓಡುತ್ತಲೇ ಇತ್ತು.

"ಅದು ಹೇಗಯ್ಯಾ, ಲಿಫ್ಟ್ ನಿಂತಾಗೆಲ್ಲ ಒಳಗೆ ಇವರೇ ಇರ್ತಾರೆ?" ಎಂದು ಸೆಕ್ರೆಟರಿ ಹೊರಬಿದ್ದ. ಡಾಕ್ಟರಮ್ಮ ಮೆಟ್ಟಿಲಿನತ್ತ ಓಡಿದಳು.

ಮೆಕ್ಯಾನಿಕ್ ದೊಡ್ಡಮ್ಮನನ್ನು ಮನೆಗೆ ಕರೆದೊಯ್ದು ಕೇಳಿದ, "ಬಟನ್ ಒತ್ತೋದು ನೀನೇ ತಾನೆ?"

"ಮತ್ಯಾರು? ಮನೆಗೆ ಕರೆದ್ರೆ ಎಲ್ರಿಗೂ ಕೆಲಸ. ಬಂದ್ರೂ ಕುರ್ಚಿ ತುದೀಲಿ ಕೂರ್ತಾರೆ. ಲಿಫ್ಟಲ್ಲಾದ್ರೆ ಯಾರೂ ಎದ್ದು ಹೋಗೋ ಹಾಗಿಲ್ಲ."

"ನನ್ನ ಹೊಟ್ಟೆ ಮೇಲೆ ಹೊಡೀತಿದೀಯಲ್ಲ ದೊಡ್ಡಮ್ಮ!"

"ಲಿಫ್ಟ್ ಕೆಡದೇ ಇದ್ದಾಗ ನೀನು ಯಾವತ್ತು ಬಂದಿದೀಯ, ಹೇಳು."

"ಇನ್ಮೇಲೆ ದಿನಾ ಬರ್ತೀನಿ," ಎಂದ. ಅದನ್ನು ಅವಳೂ ನಂಬಲಿಲ್ಲ, ಅವನೂ ನಂಬಲಿಲ್ಲ.

ಚೀಲ, ಫೋನು ಅಲ್ಲೇ ಬಿಟ್ಟು, ಸ್ಕ್ರೂಡ್ರೈವರ್ ಹಿಡಿದು ಹೋಗಿ, ಒತ್ತಿದರೂ ಲಿಫ್ಟ್ ನಿಲ್ಲದ ಹಾಗೆ ಕೆಂಪು ಬಟನ್ನಿನ ವೈರನ್ನು ಅವಸರದಲ್ಲಿ ಬೇರೆಡೆ ಸೇರಿಸಿದ. ಆಮೇಲೆ ಕೆಳಗಿಳಿದು ಸೆಕ್ರೆಟರಿಗೆ ಕೈಮುಗಿದ: "ಆಗಾಗ ಹೋಗಿ ದೊಡ್ಡಮ್ಮನ್ನ ಸ್ವಲ್ಪ ಮಾತಾಡ್ಸಿ ಸಾರ್."

"ಖಂಡಿತ! ಈ ವಾರ ಒಂದು ಕಳೀಲಿ," ಎಂದು ಸೆಕ್ರೆಟರಿ ಬಾಗಿಲು ಹಾಕಿಕೊಂಡ.

ಚೀಲ ತರಲು ಮೆಕ್ಯಾನಿಕ್ ಲಿಫ್ಟ್ ಹತ್ತಿದ. ಮೂರು ದಾಟಿತು. ಟಕ್ ಎಂದು ನಿಂತಿತು. ಅವಸರದ ಜೋಡಣೆ ಬಿಟ್ಟುಕೊಂಡಿತ್ತು. ಅವನು ಲಿಫ್ಟಿನ ಅಲಾರಂ ಗಂಟೆ ಬಾರಿಸಿದ. ಮೆಟ್ಟಿಲ ಮೇಲೆ ಹೆಜ್ಜೆಸದ್ದು ಕೇಳಿತು.

"ಶ್! ಚಪ್ಪಲಿ ಕೈಯಲ್ಲಿ ಹಿಡ್ಕೊಳ್ಳಿ, ಅಜ್ಜಿ ಲಿಫ್ಟೊಳಗಿದ್ದಾರೆ." ಸೆಕ್ರೆಟರಿಯ ದನಿ.

"ಸಾರ್, ಒಳಗಿರೋದು ನಾನು!"

"ಅಯ್ಯೋ ಪಾಪ, ಈ ಸಲ ಅಜ್ಜಿ ಕೈಗೆ ಅವನೇ ಸಿಕ್ಕಿಬಿದ್ದಿದ್ದಾನೆ," ಎಂದಳು ಡಾಕ್ಟರಮ್ಮ. ಹೆಜ್ಜೆಗಳು ಇನ್ನೂ ಬೇಗ ದಾಟಿಹೋದವು.

ಮೇಲೆಲ್ಲೋ ಅವನ ಫೋನು ಬಡಿದುಕೊಂಡಿತು. ಬಾವಿಯೊಳಕ್ಕೆ ಕೂಗಿದಂತೆ ದೊಡ್ಡಮ್ಮನ ದನಿ ಇಳಿದುಬಂತು: "ಸೂಪರ್‌ವೈಸರಾ? ಅವನು ಎಲ್ಲೂ ಹೋಗಿಲ್ಲಪ್ಪ, ಲಿಫ್ಟಲ್ಲೇ ಸಿಕ್ಕಿಹಾಕ್ಕೊಂಡಿದಾನೆ. ಹೂಂ, ಮತ್ತೆ ನಿಂತಿದೆ. ಸರಿ, ಹೇಳ್ತೀನಿ."

ಆರನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲ ಹತ್ತಿರ ಸ್ಟೂಲು ಎಳೆದ ಸದ್ದಾಯಿತು.

"ಮಗಾ, ನಾಳೆಯಿಂದ ಕೆಲಸಕ್ಕೆ ಬರಬೇಡ ಅಂದ್ರು. ಹೋಗ್ಲಿ ಬಿಡು, ಇನ್ನು ದಿನಾ ಬರಬಹುದು. ಈಗ ಆರಾಮಾಗಿ ಕೂತ್ಕೋ. ಆವತ್ತು ನಿಮ್ಮ ದೊಡ್ಡಪ್ಪ ರೈಲು ಹತ್ತಿದ್ರಾ..."

ಕೂರೋಣವೆಂದರೆ, ಸ್ಟೂಲು ಮೇಲಿತ್ತು.